ಅಕ್ಕೋರ ಸಿಟ್ಟು

ಸಿಟ್ಟು ಬಂದರೆ ಅಕ್ಕೋರ ಎಡಹುಬ್ಬಿನ ಮೇಲೊಂದು ನರ ಎದ್ದು ನಿಲ್ಲುತ್ತಿತ್ತು. ಹುಬ್ಬಿನ ತುದಿಯಿಂದ ಹೊರಟು, ಬಿಗಿಯಾಗಿ ಹಿಂದಕ್ಕೆ ಬಾಚಿದ ಕೂದಲಿನೊಳಗೆ ಹೋಗಿ ಮಾಯವಾಗುವ ನೀಲಿ ನರ. ಅದು ಮಿಡಿಯುವುದು ಆಚೆ ಗೋಡೆಗೆ ಆತು ಕೂತ ಹುಡುಗಿಗೂ ಕಾಣುತ್ತಿತ್ತು. ಅವರಿದ್ದ ಮಾಳಮಡ್ಡಿ ಓಣಿಯ ಜನ ಅವರನ್ನು ಜಗಳಗಂಟಿ ಅನ್ನುತ್ತಿದ್ದರು. ಹಾಲಿನವನು ನೀರು ಬೆರೆಸಿದರೆ ಜಗಳ, ಬಸ್ಸಿನ ಕಂಡಕ್ಟರ್ ಸಂತೆಗೆ ಹೊರಟ ಮುದುಕಿಯನ್ನು ಗದರಿದರೆ ಜಗಳ, ಅಂಚೆಯವನು ಪತ್ರವನ್ನು ಕಟ್ಟೆಯ ಮೇಲೆ ಎಸೆದು ಹೋದರೆ ಜಗಳ. ಆ ಹೆಸರನ್ನು ನಾನು ಅಲ್ಲಗಳೆಯುವುದಿಲ್ಲ. ಅವರು ಸಿಟ್ಟಿನ ಹೆಂಗಸೇ. ಆದರೆ ಆ ಸಿಟ್ಟಿನ ಪಕ್ಕದಲ್ಲಿ ಕೂತು ಓದಿದಷ್ಟು ನಿಶ್ಚಿಂತೆಯಿಂದ ನಾನು ಬೇರೆಲ್ಲೂ ಓದಲಿಲ್ಲ.

ಅವರು ಗರಗದ ರೈತರ ಮನೆಯ ಮಗಳು. ಊರಲ್ಲೇ ನೇಯ್ದ ದಪ್ಪ ಖಾದಿ ಸೀರೆ ಬಿಟ್ಟು ಬೇರೆ ಉಟ್ಟಿದ್ದನ್ನು ನಾನು ಕಾಣೆ. ಮದುವೆಯಾದ ಹೊಸತರಲ್ಲೇ ಗಂಡ, ಓದಿದ ಹೆಂಡತಿ ಮನೆಗೆ ಒಗ್ಗುವುದಿಲ್ಲವೆಂದು ಬೇರೊಬ್ಬಳನ್ನು ತಂದುಕೊಂಡನಂತೆ. ಈ ಸಂಗತಿಯನ್ನು ಅಕ್ಕೋರು ಬೇಸಿಗೆಯ ಸೆಕೆಯ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು: "ಛಲೋ ಆತು ಬಿಡು. ಒಂದು ಕಡಿ ಜಗಳ ಕಡಿಮಿ ಆತು."

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಅವರು ನಮ್ಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಾಲೆಯ ಹೆಸರು ಹೇಳುವುದಿಲ್ಲ. ಆಗ ಅಂಥವು ಬಹಳ ಇದ್ದವು, ಈಗಲೂ ಇವೆ. ಹೆಡ್ಮಾಸ್ತರರ ಕೋಣೆಯಲ್ಲಿ, ಕುರ್ಚಿಯ ಹಿಂದೆ, ಮ್ಯಾಟ್ರಿಕ್ ಫಲಿತಾಂಶದ ಹಲಗೆ ತೂಗುಹಾಕಿದ್ದರು. ವರ್ಷವರ್ಷವೂ ನೂರಕ್ಕೆ ನೂರು. ಊರಿನವರು ಅದನ್ನು ನೋಡಿ ಮಕ್ಕಳನ್ನು ತಂದು ಸೇರಿಸುತ್ತಿದ್ದರು. ಆ ನೂರು ಎಲ್ಲಿಂದ ಬರುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ಪರೀಕ್ಷೆಗೆ ಮುಂಚೆ ಶಾಲೆಯಲ್ಲೇ ಒಂದು ಪ್ರಿಲಿಮಿನರಿ ಪರೀಕ್ಷೆ ಮಾಡುತ್ತಿದ್ದರು. ಅದರಲ್ಲಿ ಸ್ವಲ್ಪ ಸಂಶಯ ಕಂಡವರನ್ನೂ ತಡೆದುಬಿಡುತ್ತಿದ್ದರು. ಗಟ್ಟಿ ಕಾಳನ್ನು ಮಾತ್ರ ದೊಡ್ಡ ಪರೀಕ್ಷೆಗೆ ಕಳಿಸುವುದು, ಆಮೇಲೆ ಹಲಗೆಯ ಮೇಲೆ ನೂರು ಬರೆಯುವುದು.

ಒಂದು ವರ್ಷ ಶಿಕ್ಷಕರ ಸಭೆಯಲ್ಲಿ ಅಕ್ಕೋರು ಎದ್ದು ನಿಂತು, "ಇದು ಸಾಲಿ ಅಲ್ರಿ ಸರ, ಜರಡಿ. ಕಾಳು ನೀವು ಬೆಳದಿಲ್ಲ, ಬರೇ ಸಾಣಿಸೀರಿ" ಅಂದರಂತೆ. ಮುಂದಿನ ಜೂನ್‌ನಲ್ಲಿ ಅವರಿಗೆ ಕೆಲಸ ಇರಲಿಲ್ಲ. ಅವರ ಜಾಗಕ್ಕೆ ಬೆತ್ತ ಹಿಡಿದ ಒಬ್ಬ ಮಾಸ್ತರರು ಬಂದರು.

ಆ ಮಾಸ್ತರರ ಕೈಯಲ್ಲೇ ನಾನು ಮ್ಯಾಟ್ರಿಕ್ ವರ್ಷಕ್ಕೆ ಬಂದೆ. ನನ್ನ ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಸ್ಟೇಷನ್ನಿನ ಆಚೆ ಹಳಿಗುಂಟ ಸಾಲಾಗಿ ಕಟ್ಟಿದ ಒಂದೊಂದೇ ಕೋಣೆಯ ಮನೆಗಳಲ್ಲಿ ನಮ್ಮದೂ ಒಂದು. ನಾವು ಯಾರೆಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅಪ್ಪ ಗೋಡೆಗೆ ಹೊಸದಾಗಿ ಹಾಕಿದ್ದ ಬುದ್ಧನ ಪಟ ಹೇಳುತ್ತಿತ್ತು. ಪ್ರಿಲಿಮಿನರಿಯಲ್ಲಿ ಗಣಿತ ಕೈಕೊಟ್ಟಿತು. ಮಾಸ್ತರರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ಮಾರ್ಕು ಓದಿ, ಇಡೀ ವರ್ಗಕ್ಕೆ ಕೇಳುವಂತೆ ಹೇಳಿದರು: "ಹಳಿ ಬಡಿಯೋರ ಮಗಳ ತಲಿಗೆ ಬೀಜಗಣಿತ ಹತ್ತಂಗಿಲ್ಲ. ಹತ್ತಲೂಬಾರದು." ವರ್ಗ ನಕ್ಕಿತು. ನಗು ಬಂದವರೂ ನಕ್ಕರು, ಬೆತ್ತಕ್ಕೆ ಹೆದರಿದವರೂ ನಕ್ಕರು. ಹೆಡ್ಮಾಸ್ತರರು ಮಾತ್ರ ತಮ್ಮ ಕೋಣೆಗೆ ಕರೆಸಿ ಮೃದುವಾಗಿ, "ಈ ವರ್ಷ ಬ್ಯಾಡವಾ, ಮುಂದಿನ ವರ್ಷ ನೋಡೂಣು" ಅಂದರು. ಇಷ್ಟು ವರ್ಷಗಳಾದ ಮೇಲೆ ಮಾಸ್ತರರ ಮಾತಿಗಿಂತ ಈ ಮೃದುಮಾತೇ ನನಗೆ ಹೆಚ್ಚು ಉರಿ ತರುತ್ತದೆ. ನನಗೆ ಮುಂದಿನ ವರ್ಷವೆನ್ನುವುದು ಇಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸುದ್ದಿ ಅಕ್ಕೋರಿಗೆ ಹೇಗೆ ಮುಟ್ಟಿತೋ. ನಾಲ್ಕೈದು ದಿನಗಳ ಮೇಲೆ ಒಂದು ಸಂಜೆ ಅವರು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಆಗಷ್ಟೇ ಲೈನಿನಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಗಡಬಡಿಸಿ ಎದ್ದು ನಿಂತ. ಅಕ್ಕೋರು ಹೊಸ್ತಿಲ ಕಲ್ಲಿನ ಮೇಲೆ ತಾವೇ ಕೂತು, "ಕೂಡ್ರಿ ಅಣ್ಣಾರ. ನೀವು ನಿಂತ್ರ ನನಗ ಮಾತು ಬರಂಗಿಲ್ಲ" ಅಂದರು. ಅಪ್ಪ ನೆಲಕ್ಕೆ ಕೂತ.

"ಮಗಳನ್ನ ಪರೀಕ್ಷಾ ಮುಗಿಯೂತನಾ ನನಗ ಕೊಡ್ರಿ."

"ಸಾಲ್ಯಾಗ ಬ್ಯಾಡಂದಾರಲ್ರಿ ಅಕ್ಕೋರ."

"ಸಾಲಿ ಬ್ಯಾಡಂದ್ರ ಹೊರಗಿಂದ ಕೂಡಬೌದು. ಸರಕಾರ ಬ್ಯಾಡಂದಿಲ್ಲ."

ಅಪ್ಪ ತಲೆ ಕೆರೆದುಕೊಂಡ. "ಈಕಿ ಸೋದರಮಾವ ಕೇಳಾಕತ್ತಾನ್ರಿ. ಈ ಬ್ಯಾಸಗ್ಯಾಗ ಮುಗಸೂಣು ಅಂತಾನ."

"ಸೋದರಮಾವ ಎಲ್ಲಿಗೂ ಓಡಿಹೋಗಂಗಿಲ್ಲರಿ. ಪರೀಕ್ಷಾ ಓಡಿಹೋಗತೈತಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ನಕ್ಕಿದ್ದು ನನಗೆ ಕೇಳಿಸಿತು. ಅಪ್ಪನೂ ನಕ್ಕ. ನಕ್ಕ ಮೇಲೆ ಇಲ್ಲವೆನ್ನಲು ಅವನಿಗೆ ಆಗಲಿಲ್ಲ.

ಮಾಳಮಡ್ಡಿಯಲ್ಲಿ ಅಕ್ಕೋರು ಹಿಡಿದಿದ್ದು ಒಂದು ದೊಡ್ಡ ಮನೆಯ ಮುಂಭಾಗದ ಎರಡು ಕೋಣೆ. ಹಿಂದಿನ ಭಾಗದಲ್ಲಿ ಮಾಲಕರ ಸಂಸಾರ. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಅವರು ಶಾಲೆ ತಡೆದ ಹುಡುಗಿಯರನ್ನೆಲ್ಲ ಕೂರಿಸಿದ್ದರು. ನಾವು ಐದು ಮಂದಿ. ಹುಡುಗರನ್ನು ಯಾಕೆ ಕರೆಯಲಿಲ್ಲವೆಂದು ಒಬ್ಬಳು ಕೇಳಿದಾಗ ನರ ಸಣ್ಣಗೆ ಮಿಡಿಯಿತು: "ಗಂಡುಹುಡುಗ್ರಿಗೆ ಮುಂದಿನ ವರ್ಷ ಅಂದ್ರ ಮುಂದಿನ ವರ್ಷ. ನಿಮಗ ಮುಂದಿನ ವರ್ಷ ಅಂದ್ರ ಲಗ್ನ."

ಮೊದಲ ದಿನ ಪುಸ್ತಕ ತೆಗೆಯಲು ಬಿಡಲಿಲ್ಲ. ನಿಮಗೆ ಯಾತರ ಹೆದರಿಕೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬಳಿಗೆ ಗಂಟೆಯ ಸದ್ದು, ಒಬ್ಬಳಿಗೆ ಅವಳ ಅಣ್ಣ. ನಾನು ಬೆಂಚು ಅಂದೆ.

"ಇಲ್ಲಿ ಬೆಂಚ ಇಲ್ಲ, ಚಾಪಿ ಐತಿ," ಅಂದರು. "ಚಾಪಿ ಮ್ಯಾಲ ಯಾರನ್ನ ನಿಂದರಿಸಿದ್ರೂ ಎತ್ತರ ಕಾಣಂಗಿಲ್ಲ."

ಆ ಮನೆಯಲ್ಲಿ ದಡ್ಡಿ ಎಂಬ ಶಬ್ದಕ್ಕೆ ಪ್ರವೇಶವಿರಲಿಲ್ಲ. ನಮ್ಮನ್ನು ನಾವೇ ಹಾಗೆ ಬಯ್ದುಕೊಂಡರೂ ಎಬ್ಬಿಸಿ ಹೊರಗಿನ ಕಟ್ಟೆಗೆ ಒಂದು ಸುತ್ತು ಹಾಕಿ ಬರಲು ಕಳಿಸುತ್ತಿದ್ದರು, "ಆ ಶಬ್ದ ರಸ್ತಾದಾಗ ಒಗದು ಬಾ" ಎಂದು. ದಿನಾ ನಾವು ಅವರ ಮನೆ ಮುಟ್ಟಿದ ಕೂಡಲೆ ತಿನ್ನಲು ಕೊಡುತ್ತಿದ್ದರು. ಎಣ್ಣೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಕಲಸಿದ ಚುರುಮುರಿ. ಹಸಿದ ಹೊಟ್ಟೆಗೆ ಸೂತ್ರ ಇಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಲೆಕ್ಕ ತಪ್ಪಿದರೆ ಹಲಗೆಯ ಮುಂದೆ ಹೋಗಿ ಎಲ್ಲಿ ತಪ್ಪಿತೆಂದು ನಾವೇ ತೋರಿಸಬೇಕು, ಉಳಿದವರು ನಗಬಾರದು. "ತಪ್ಪು ಮಾಡ್ರಿ. ಎಷ್ಟು ಬೇಕೋ ಅಷ್ಟು ಇಲ್ಲೇ ಮಾಡ್ರಿ. ಇಲ್ಲಿ ತಪ್ಪು ಫುಕಟ್ ಐತಿ."

ವಾರಕ್ಕೊಮ್ಮೆ ಸುಳ್ಳು ಪರೀಕ್ಷೆ. ಖರೆ ಪರೀಕ್ಷೆಯ ಹಾಗೆಯೇ ಪೂರಾ ಹೊತ್ತು. ನಾವು ಬರೆಯುತ್ತಿರುವಾಗ ಅಕ್ಕೋರು ಬೇಕಂತಲೇ ಒಳಗೆ ಒಂದು ತಾಟು ಬೀಳಿಸುತ್ತಿದ್ದರು, ಕೆಮ್ಮುತ್ತಿದ್ದರು, ಕಿಟಕಿಯನ್ನು ಧಡಾರನೆ ಹಾಕುತ್ತಿದ್ದರು. "ಅಲ್ಲೆ ಏನರ ಬೀಳತೈತಿ, ಯಾವಾಕಿನರ ಅಳಾಕ ಹತ್ತತಾಳ. ನಿಮ್ಮ ಪೆನ್ನು ನಿಲ್ಲಬಾರದು." ಮೊದಲ ವಾರ ತಾಟಿನ ಸದ್ದಿಗೆ ನಾವು ಬೆಚ್ಚಿ ಬೀಳುತ್ತಿದ್ದೆವು. ಕೆಲವು ವಾರಗಳಲ್ಲಿ, ತಾಟು ಬಿದ್ದರೂ ಯಾರೂ ತಲೆ ಎತ್ತುತ್ತಿರಲಿಲ್ಲ.

ನನ್ನೊಳಗೆ ಮಾತ್ರ ಬೆಂಚಿನ ದಿನದ ಸಿಟ್ಟು ಕುದಿಯುತ್ತಲೇ ಇತ್ತು. ಬರೆಯುವಾಗ ಪೆನ್ನನ್ನು ಕಾಗದಕ್ಕೆ ಒತ್ತುತ್ತಿದ್ದೆ. ಒಮ್ಮೆ ನಿಬ್ಬು ಮುರಿದೇ ಹೋಯಿತು. ಸಿಟ್ಟು ಬಿಡು ಎಂದು ಅಪ್ಪ ಹೇಳಿದ್ದ, ಅವ್ವ ಹೇಳಿದ್ದಳು, ಹೆಡ್ಮಾಸ್ತರರೂ ಹೇಳಿದ್ದರು. ಅಕ್ಕೋರು ಮುರಿದ ನಿಬ್ಬನ್ನು ಕಿಟಕಿಯಾಚೆ ಒಗೆದು ಬಂದು, "ಸಿಟ್ಟು ಬಿಡಬ್ಯಾಡ, ಇಟ್ಕೊ. ಅದು ನಿಂದು. ಆದ್ರ ಬರಿಯೂ ಕೈಯಾಗ ಇಟ್ಕೋಬ್ಯಾಡ, ಬೆನ್ನಾಗ ಇಟ್ಕೊ. ನೆಟ್ಟಗ ಕೂಡಾಕ ಬರತೈತಿ" ಅಂದರು.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ನನಗೆ ನೀರಡಿಕೆಯಾಗಿ, ಎಲ್ಲರೂ ಮಾಡುವ ಹಾಗೆ, ಮೂಲೆಯ ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದೆ. ನಡುವಿನ ಬಾಗಿಲಲ್ಲಿ ಮಾಲಕರ ಮನೆಯ ಹಿರಿಯ ಹೆಂಗಸೊಬ್ಬರು ನಿಂತಿದ್ದರು. ನೋಡಿದರು, ಒಳಗೆ ಹೋದರು. ಮರುದಿನ ಮಾಲಕರು ಬಂದರು. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು. ಕೈಮುಗಿದೇ ಮಾತಾಡಿದರು.

"ನನಗೇನೂ ಇಲ್ಲರೀ ಬಾಯಾರ. ಕಾಲ ಬದಲಾಗೇದ, ನಾನೂ ಒಪ್ಪತೀನಿ. ಆದ್ರ ಮನ್ಯಾಗ ಹಿರೇರಿದ್ದಾರ. ಆ ಒಂದು ಹುಡುಗೀನ್ನ ಹೊರಗ ಕಟ್ಟೀ ಮ್ಯಾಲ ಕೂಡಸ್ರಿ. ಕಿಡಕಿಯಿಂದ ಎಲ್ಲಾ ಛಂದ ಕೇಳಸ್ತದ."

ಕಿಟಕಿಯಿಂದ ಎಲ್ಲಾ ಚೆಂದ ಕೇಳಿಸುತ್ತದೆ. ನಾನು ಈಗ ಮುದುಕಿ. ಆ ವಾಕ್ಯ ನೆನಪಾದರೆ ಇಂದಿಗೂ ಕೈಯಲ್ಲಿದ್ದುದನ್ನು ಕೆಳಗಿಡಬೇಕಾಗುತ್ತದೆ.

ಆ ಹೊತ್ತಿನಲ್ಲಿ ನಾನು ಮಾಡಿದ್ದು ಏನೆಂದರೆ, ಪುಸ್ತಕ ಎತ್ತಿಕೊಂಡು ಎದ್ದೆ. ಪರೀಕ್ಷೆಗೆ ಇನ್ನೆಷ್ಟು ದಿನ, ನನ್ನಿಂದ ಎಲ್ಲರ ಓದು ಯಾಕೆ ಕೆಡಬೇಕು ಅನ್ನಿಸಿತು. "ಇರಲಿ ಅಕ್ಕೋರ, ನಾ ಹೊರಗ ಕೂಡತೇನಿ" ಅಂದೆ.

ಆಗ ನೋಡಿದೆ, ಆ ನರ ನನ್ನ ಮೇಲೆ ಎದ್ದಿದ್ದನ್ನು, ಅದೊಂದೇ ಸಲ.

"ಕೂಡು!" ಅಂದರು. ನಾನು ಕೂತೆ. "ಅವರು ಎಬ್ಬಸೂಕಿಂತ ಮದಲ ನೀನ ಏಳತಿ? ಇದನ್ನ ಕಲಸೇನೇನು ನಾ ನಿನಗ?" ಆಮೇಲೆ ಮಾಲಕರ ಕಡೆ ತಿರುಗಿದರು. ದನಿ ಏರಲಿಲ್ಲ. "ನೀವು ಕೈ ಮುಗದು ಕೇಳೀರಿ. ಕೈ ಮುಗದ್ರ ಮಾತು ಸಣ್ಣದಾಗಂಗಿಲ್ಲರಿ. ಈ ಹುಡುಗಿ ಹೊರಗ ಅಂದ್ರ ಎಲ್ಲಾರೂ ಹೊರಗ, ನಾನೂ ಹೊರಗ. ನಿಮ್ಮ ಕಿಡಕಿ ನೀವ ಇಟ್ಕೋರಿ."

"ಎಲ್ಲಿಗೆ ಹೋಗ್ತೀರಿ ಬಾಯಾರ, ಇಂಥಾ ಬಿಸಲಾಗ?" ಎಂದರು ಮಾಲಕರು. ಆ ಕಾಳಜಿಯೂ ನಿಜವೇ ಇತ್ತು. ಅದೇ ಅಸಹ್ಯ.

ಅಕ್ಕೋರು ಗೋಡೆಯ ಕರಿಹಲಗೆ ಇಳಿಸಿದರು. ಒಂದು ತುದಿ ತಾವು ಹಿಡಿದು, ಇನ್ನೊಂದು ತುದಿಯನ್ನು ಅರಳೆ ವ್ಯಾಪಾರಿಯ ಮಗಳಿಗೆ ಕೊಟ್ಟರು. ಅವಳು ನಮ್ಮಲ್ಲಿ ಎಲ್ಲರಿಗಿಂತ ಅನುಕೂಲಸ್ಥರ ಮನೆಯವಳು, ದಿನಾ ವಿಭೂತಿ ಹಚ್ಚಿಕೊಂಡು ಬರುವ ಮೆತ್ತನೆಯ ಹುಡುಗಿ. "ನಡೀರಿ, ಈಕಿ ಮನಿಗೆ" ಅಂದರು ನನ್ನತ್ತ ನೋಡಿ.

ಸುಡುವ ಬಿಸಿಲಲ್ಲಿ, ಕರಿಹಲಗೆ ಹಿಡಿದುಕೊಂಡು, ಮಾಳಮಡ್ಡಿಯ ಕಟ್ಟೆಕಟ್ಟೆಯ ಕಣ್ಣುಗಳ ಮುಂದೆ ಆರು ಮಂದಿ ಹೆಂಗಸರು ನಡೆದೆವು. ಹಳಿ ದಾಟಿದೆವು. ಅವ್ವ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಮ್ಮನ್ನು ಕಂಡು ಒದ್ದೆ ಕೈಯಲ್ಲೇ ಎದ್ದಳು. ಸಂಗತಿ ಕೇಳಿ ಅವಳ ಮುಖ ಸಣ್ಣದಾಯಿತು.

"ಇಲ್ಲಿ ಎಲ್ಲಿ ಕೂಡಸಲಿ ಅಕ್ಕೋರ, ಇಷ್ಟು ಮಂದೀನ?"

"ಎಲ್ಲೆ ನೆರಳೈತಿ ಅಲ್ಲೆ. ಮದಲ ಒಂದು ತಂಬಿಗಿ ನೀರು ಕೊಡ್ರಿ ಅಕ್ಕಾರ."

ಅವ್ವ ಅಲ್ಲೇ ನಿಂತಳು. ನಮ್ಮ ಮನೆಯ ನೀರನ್ನು ಹಳಿಯ ಆಚೆಯವರು ಯಾರೂ ಕೇಳಿದ್ದಿಲ್ಲ. ಒಳಗೆ ಹೋಗಿ, ತಂಬಿಗೆಯನ್ನು ಬೂದಿ ಹಚ್ಚಿ ಎರಡು ಸಲ ಬೆಳಗಿ ತಂದಳು. ಅಕ್ಕೋರು ಅರ್ಧ ಕುಡಿದು, ಉಳಿದರ್ಧವನ್ನು ಮುಖಕ್ಕೆ ಹಾಕಿಕೊಂಡು, ಸೆರಗಿನಿಂದ ಒರೆಸಿಕೊಂಡು, "ಹೂಂ, ವರ್ಗಸಮೀಕರಣ" ಅಂದರು. ಅವ್ವ ಇದ್ದಬದ್ದ ಕೌದಿಗಳನ್ನೆಲ್ಲ ಹಿತ್ತಿಲ ಬೇವಿನ ಗಿಡದ ಕೆಳಗೆ ಹಾಸಿದಳು.

ಮರುದಿನ ಇಬ್ಬರು ಬರಲಿಲ್ಲ. ಅಕ್ಕೋರು ಅವರ ಮನೆಗೂ ಹೋಗಿ ಬಾಗಿಲು ಬಡಿದು ಬಂದರು, ತೆರೆಯಲಿಲ್ಲ. ಉಳಿದ ಮೂವರೊಂದಿಗೆ ಓದು ನಡೆಯಿತು. ಅವ್ವ ಆ ಹಿತ್ತಿಲಿಗೆ ಕಾವಲುಗಾರ್ತಿಯಾದಳು. ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡದವಳು, ಗದ್ದಲ ಮಾಡುವ ಗಂಡಸರನ್ನು "ಹುಡುಗ್ಯಾರ ಪರೀಕ್ಷಾ ಐತಿ, ಆ ಕಡಿ ನಡೀರಿ" ಎಂದು ಅಟ್ಟುತ್ತಿದ್ದಳು. ಸಾಲುಮನೆಗಳ ಹೆಂಗಸರು ಒನಕೆಯಲ್ಲಿ ಕುಟ್ಟುವುದನ್ನು ಬೆಳಿಗ್ಗೆಗೆ ಇಟ್ಟುಕೊಂಡರು. ಗಾಡಿ ಬಂದರೆ ಅಕ್ಕೋರು ಅರ್ಧ ವಾಕ್ಯಕ್ಕೇ ನಿಲ್ಲುತ್ತಿದ್ದರು. ಕೊನೆಯ ಡಬ್ಬಿ ದಾಟಿದ ಮೇಲೆ ಉಳಿದರ್ಧದಿಂದ ಶುರು. ತಾಟು ಬೀಳಿಸುವ ಅವಶ್ಯಕತೆಯೇ ಉಳಿಯಲಿಲ್ಲ.

ಒಂದು ಮಾತು ಹೇಳಲೇಬೇಕು. ಅರಳೆ ವ್ಯಾಪಾರಿಯ ಮಗಳು ಒಂದು ದಿನವೂ ತಪ್ಪಿಸಲಿಲ್ಲ. ಮನೆಯಲ್ಲಿ ಬಯ್ಯಿಸಿಕೊಂಡು ಬರುತ್ತಿದ್ದಳು. ನನ್ನ ಪಕ್ಕದಲ್ಲೇ, ನಮ್ಮ ಕೌದಿಯ ಮೇಲೆಯೇ ಕೂತಳು. ಆದರೆ ನೀರನ್ನು ಮನೆಯಿಂದ ತರುತ್ತಿದ್ದಳು, ತಾಮ್ರದ ಸಣ್ಣ ಚರಿಗೆಯಲ್ಲಿ. ನಮ್ಮ ಮನೆಯ ನೀರು ಕೊನೆಯವರೆಗೂ ಕುಡಿಯಲಿಲ್ಲ. ಅವ್ವ ಅದನ್ನು ನೋಡಿಯೂ ನೋಡದಂತಿದ್ದಳು. ನಾನು ತಡೆಯಲಾರದೆ ಅಕ್ಕೋರಿಗೆ ಹೇಳಿದೆ.

"ಕಂಡೇನಿ," ಅಂದರು. "ನಿನಗ ಸಿಟ್ಟು ಬಂದೈತಿ?"

"ಹೂಂರಿ."

"ಬರಬೇಕು. ಆದ್ರ ಆಕಿ ಹದಿನಾರು ವರ್ಷದಾಕಿ, ಮನ್ಯಾಗ ಜಗಳಾಡಿ ಇಲ್ಲೀತನಾ ಬಂದಾಳ. ಉಳದ ಹಾದಿ ಆಕಿನ ನಡೀಬೇಕು. ನೀ ಆಕಿನ ಎಳ್ಯಾಕೂ ಹೋಗಬ್ಯಾಡ, ಕ್ಷಮಾ ಮಾಡಾಕೂ ಹೋಗಬ್ಯಾಡ."

ಅವಳು ಉಳಿದ ಹಾದಿ ನಡೆದಳೋ ಇಲ್ಲವೋ ನನಗೆ ತಿಳಿಯದು. ಅವಳ ಮೇಲೆ ನನಗೆ ಪ್ರೀತಿಯಿತ್ತು. ಆ ಚರಿಗೆಯ ಮೇಲಿನ ಸಿಟ್ಟೂ ಹಾಗೇ ಉಳಿದಿದೆ. ಎರಡನ್ನೂ ಇಟ್ಟುಕೊಂಡಿದ್ದೇನೆ.

ಹೊರಗಿನಿಂದ ಕೂಡುವವರಿಗೆ ಪರೀಕ್ಷೆಯ ಕೇಂದ್ರ ಹುಬ್ಬಳ್ಳಿಯಲ್ಲಿತ್ತು. ಮುಂಜಾನೆಯ ಗಾಡಿಯಲ್ಲಿ ಅಕ್ಕೋರು ನಮ್ಮೊಂದಿಗೆ ಬರುತ್ತಿದ್ದರು, ಪರೀಕ್ಷೆ ಮುಗಿಯುವ ತನಕ ಗೇಟಿನ ಹೊರಗೆ ನಿಂತಿರುತ್ತಿದ್ದರು. ಮುಗಿದ ಪೇಪರಿನ ಬಗ್ಗೆ ಯಾರೂ ಮಾತಾಡಬಾರದೆಂಬುದು ನಿಯಮ. ನಾವು ಹೊರಗೆ ಬಂದ ಕೂಡಲೆ, "ಹಸಿವ್ಯಾಗೇತೇನು?" ಅಷ್ಟೇ. ಗಣಿತದ ದಿನ ನನ್ನ ಹಿಂದಿನ ಸಾಲಿನಲ್ಲಿ ಒಬ್ಬಳು ನಿಜಕ್ಕೂ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಪೆನ್ನು ನಿಲ್ಲಲಿಲ್ಲ. ಬೆನ್ನು ನೆಟ್ಟಗಿತ್ತು.

ನಾನು ಪಾಸಾದೆ. ಅರಳೆ ವ್ಯಾಪಾರಿಯ ಮಗಳೂ ಪಾಸಾದಳು. ಮೂರನೆಯವಳು ಇಂಗ್ಲಿಷಿನಲ್ಲಿ ಉಳಿದಳು. ಅಕ್ಕೋರು ಮರುದಿನವೇ ಅವಳನ್ನು ಕೂರಿಸಿಕೊಂಡು ಮೊದಲ ಪಾಠದಿಂದ ಶುರು ಮಾಡಿ, ಮುಂದಿನ ಸಲ ಪಾಸು ಮಾಡಿಸಿದರು. ಗಣಿತದಲ್ಲಿ ನನಗೆ ಬಂದ ಮಾರ್ಕು ಶಾಲೆಯ ಎಷ್ಟೋ ಗಟ್ಟಿ ಕಾಳುಗಳಿಗೆ ಬಂದಿರಲಿಲ್ಲ. ಅದು ಕಿವಿಗೆ ಬಿದ್ದದ್ದೇ ಹೆಡ್ಮಾಸ್ತರರು ಜವಾನನನ್ನು ಕಳಿಸಿದರು: ನಮ್ಮ ಶಾಲೆಯ ಹುಡುಗಿ, ಸಮಾರಂಭಕ್ಕೆ ಬರಬೇಕು, ಹಾರ ಹಾಕುತ್ತೇವೆ. ಅಕ್ಕೋರ ಹತ್ತಿರ ಓಡಿದೆ.

"ಹೋಗು ಅಂದ್ರ ಹೋಗತಿ?"

"ಇಲ್ಲರಿ."

"ಮತ್ತ ನನ್ನ್ಯಾಕ ಕೇಳಾಕ ಬಂದಿ?"

ನಾನು ಹೋಗಲಿಲ್ಲ. ಸೋದರಮಾವ ಬೇರೆ ಹೆಣ್ಣು ನೋಡಿಕೊಂಡ. ನಾನು ಟ್ರೇನಿಂಗ್ ಮುಗಿಸಿ ಶಿಕ್ಷಕಿಯಾದೆ.

ಅಕ್ಕೋರಿಗೆ ಮಾತ್ರ ಮತ್ತೆ ಯಾವ ಶಾಲೆಯೂ ಕೆಲಸ ಕೊಡಲಿಲ್ಲ. ಜಗಳಗಂಟಿ ಎಂಬ ಹೆಸರು ಅವರಿಗಿಂತ ಮುಂದೆ ಹೋಗಿ ಬಾಗಿಲು ಹಾಕಿಸುತ್ತಿತ್ತು. ಮಾಲಕರು ಆ ಬೇಸಿಗೆಯಲ್ಲೇ ಮನೆ ಬಿಡಿಸಿದ್ದರು. ಕಡೆಗೆ ಹುಬ್ಬಳ್ಳಿಯ ಅಂಚಿಗೆ, ಗಬ್ಬೂರಿನ ಕಡೆ ಒಂದು ಕೋಣೆ ಹಿಡಿದು, ಅಲ್ಲಿನ ತಡೆದ ಹುಡುಗಿಯರನ್ನು ಸೇರಿಸಿಕೊಂಡರು. ಶಾಲೆಗಳಿರುವ ಕಡೆಯೆಲ್ಲ ತಡೆದವರು ಇದ್ದೇ ಇರುತ್ತಾರೆ. ಅರವತ್ತರ ದಶಕ ಅವರಿಗೆ ಹಾಗೇ ಹೋಯಿತು.

ಕಾಮಾಲೆ ಬಂದು ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ನಾನು ಹೋಗಿದ್ದೆ. ಕಣ್ಣು, ಉಗುರು ಎಲ್ಲ ಹಳದಿಯಾಗಿತ್ತು. ನನ್ನನ್ನು ಕಂಡು ಮೊದಲು ಕೇಳಿದ್ದು, "ನಿಮ್ಮ ಸಾಲ್ಯಾಗ ಪ್ರಿಲಿಮ್ ಮುಗೀತೇನು? ಎಷ್ಟು ಮಂದೀನ ತಡದಾರ?"

"ನನ್ನ ವರ್ಗದಾಗ ಯಾರನ್ನೂ ತಡ್ಯಾಕ ಬಿಟ್ಟಿಲ್ಲರಿ."

"ಜಗಳಾ ಆತೇನು?"

"ಆತರಿ."

ತೃಪ್ತಿಯಿಂದ ಕಣ್ಣು ಮುಚ್ಚಿದರು. ಆ ವಾರ ಕಳೆಯುವುದರೊಳಗೆ ಹೋದರು.

ಅವರನ್ನು ಹೊರಗೆ ಹಾಕಿದ ಶಾಲೆಯಲ್ಲೇ ಸಂತಾಪ ಸಭೆ ಮಾಡಿದರು. ಅವ್ವನನ್ನು ಕರೆದುಕೊಂಡು ನಾನೂ ಹೋದೆ. ಹಿಂದಿನ ಸಾಲಿನಲ್ಲಿ ಕೂತೆವು. ನಿವೃತ್ತರಾಗಿದ್ದ ಹೆಡ್ಮಾಸ್ತರರು ವೇದಿಕೆಯ ಮೇಲಿದ್ದರು. ಎದ್ದು ನಿಂತು, ಅದೇ ಮೃದು ದನಿಯಲ್ಲಿ, ದಿವಂಗತರು ಶಾಂತ ಸ್ವಭಾವದವರು, ಸಹನಶೀಲರು, ಯಾರ ಮನಸ್ಸನ್ನೂ ನೋಯಿಸದ ಆದರ್ಶ ಶಿಕ್ಷಕಿ, ನಮ್ಮ ಸಂಸ್ಥೆಯ ಹೆಮ್ಮೆ ಎಂದು ಹೇಳತೊಡಗಿದರು. ಸಭೆ ತಲೆ ತೂಗುತ್ತಿತ್ತು. ಕೆಲಸ ಕಸಿದರು, ಮನೆ ಕಸಿದರು, ಈಗ ಅವರ ಸಿಟ್ಟನ್ನೂ ಕಸಿಯುತ್ತಿದ್ದಾರೆ ಅನ್ನಿಸಿತು. ನಾನು ಎದ್ದು ನಿಂತೆ.

"ಸುಳ್ಳು ಹೇಳಬ್ಯಾಡ್ರಿ ಸರ. ಅಕ್ಕೋರು ಶಾಂತ ಇರಲಿಲ್ಲ. ಅವರಿಗೆ ಭಾಳ ಸಿಟ್ಟಿತ್ತು. ನಿಮ್ಮ ಮ್ಯಾಲನ ಇತ್ತು. ಸಾಯೂತನಾ ಇತ್ತು."

ಯಾರೋ "ಕೂಡವಾ, ಕೂಡು" ಅಂದರು. ನಾನು ಕೂರಲಿಲ್ಲ. ಮತ್ತೇನೂ ತೋಚದೆ ಅವ್ವನ ಕೈ ಹಿಡಿದುಕೊಂಡು ಹೊರಗೆ ಬಂದುಬಿಟ್ಟೆ. ಇಷ್ಟು ಮಂದಿಯ ಎದುರು ಹೀಗೆ ಮಾತಾಡಿದ್ದಕ್ಕೆ ಅವ್ವ ಬಯ್ಯುತ್ತಾಳೆಂದು ಕಾದೆ. ಅವಳು ಗೇಟಿನ ತನಕ ನಡೆದಳು. ಅಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿದಳು.

"ಇಷ್ಟ ಹೇಳಿ ಬಂದ್ಯಾ?" ಅಂದಳು. "ಇನ್ನೂ ನಾಕು ಮಾತು ಹೇಳಬೇಕಿತ್ತು."